ಅಡಿಕೆ ಸೀಮೆಗೆ ಏಲಕ್ಕಿಯ ಜಾಹೀರಾತು

ಭದ್ರಾವತಿ ಮಾಡುವ ಯಾವ ವಸ್ತುವನ್ನೂ ಟಿವಿ ಜಾಹೀರಾತಿನಲ್ಲಿ ನೋಡಿ, ಅಂಗಡಿಗೆ ಹೋಗಿ ಕೊಂಡು ತರಲು ಬರುವುದಿಲ್ಲ. 1923ರಲ್ಲಿ ಕೆಲಸ ಶುರು ಮಾಡಿದ ಕಬ್ಬಿಣದ ಕಾರ್ಖಾನೆ ಮೊದಲು ಬೀಡುಕಬ್ಬಿಣ ಮಾಡಿತು, ಆಮೇಲೆ ಮಿಶ್ರಲೋಹದ ಉಕ್ಕು ಮಾಡಿತು. 1936ರಲ್ಲಿ ಸ್ಥಾಪನೆಯಾದ ಕಾಗದ ಕಾರ್ಖಾನೆ, ಊರವರ ಬಾಯಲ್ಲಿ ಎಂಪಿಎಂ, ಬರೆಯುವ ಕಾಗದ ಮಾಡಿತು. 1980ರ ದಶಕದಿಂದ ಪತ್ರಿಕೆ ಅಚ್ಚಾಗುವ ಕಾಗದವನ್ನೂ ಮಾಡಿತು. ಸೋಪಿನ ಜಾಹೀರಾತು ಇದೇ ಊರಿನ ಕಾಗದದ ಮೇಲೆ ಅಚ್ಚಾಗಿ ಇದೇ ಊರಿಗೆ ವಾಪಸು ಬರುತ್ತಿದ್ದ ಕಾಲವೊಂದಿತ್ತು. ಆದರೆ ಕಾಗದಕ್ಕೆ ಯಾರು ಜಾಹೀರಾತು ಕೊಡುತ್ತಾರೆ? ಒಂದು ಕಿಲೋ ಉಕ್ಕು ಕೊಡಿಸು ಎಂದು ಯಾವ ಮಗುವೂ ಅಮ್ಮನ ಸೆರಗು ಹಿಡಿದು ಅತ್ತದ್ದಿಲ್ಲ.

ಹದಿನೆಂಟು ಕಿಲೋಮೀಟರಿನ ಆಸುಪಾಸಿನಲ್ಲಿರುವ ಶಿವಮೊಗ್ಗದ ಕಥೆ ಸ್ವಲ್ಪ ಬೇರೆ. 1944ರಲ್ಲಿ ಇಲ್ಲಿ ಸರ್ಕಾರದ ಗಂಧದೆಣ್ಣೆ ಕಾರ್ಖಾನೆ ಶುರುವಾಯಿತು. ಮೈಸೂರು ಸ್ಯಾಂಡಲ್ ಸೋಪು ಆಗುವುದು ಬೆಂಗಳೂರಿನಲ್ಲಿ, ಜಾಹೀರಾತು ಆಗುವುದೂ ಅಲ್ಲೇ ಅಥವಾ ಮುಂಬೈಯಲ್ಲಿ. ಸುತ್ತಲ ತಾಲ್ಲೂಕುಗಳ ತೋಟಗಳಿಂದ ಬರುವ ಅಡಿಕೆ ಶಿವಮೊಗ್ಗದ ಎಪಿಎಂಸಿಯಲ್ಲಿ ವ್ಯಾಪಾರವಾಗಿ ಉತ್ತರ ಭಾರತದ ಲಾರಿ ಹತ್ತುತ್ತದೆ. ಅದು ಟಿವಿಯ ಮೇಲೆ ಮರಳಿ ಬರುವುದು ಹೇಗೆ ಎಂಬುದನ್ನು ಮುಂದೆ ನೋಡೋಣ.

ಜಾಹೀರಾತು ಜನರಿಗೆ ಆಸೆ ಹಚ್ಚಿತು, ಮಕ್ಕಳನ್ನು ಕೆಡಿಸಿತು ಎಂಬ ದೂರು ಹಳೆಯದು. ಅದರಲ್ಲಿ ನಿಜವೂ ಇದೆ, ಹೇಳಿ ಹೇಳಿ ಸವೆದೂ ಹೋಗಿದೆ. ಈ ಎರಡು ಊರುಗಳಲ್ಲಿ ಕೂತು ನೋಡಿದರೆ ನನಗೆ ಕಾಣುವುದು ಇನ್ನೊಂದು. ದುಡಿದು ಸರಕು ಮಾಡುವ ಊರುಗಳನ್ನು ಟಿವಿ ನಲವತ್ತು ವರ್ಷಗಳಿಂದ ಬರೀ ಕೊಳ್ಳುವವರೆಂದೇ ಮಾತಾಡಿಸುತ್ತ ಬಂದಿದೆ. ಊರಿನದೇ ಸರಕು ವೇಷ ಮರೆಸಿಕೊಂಡು ತೆರೆಯ ಮೇಲೆ ಬಂದರೂ ನಾವು ಗುರುತು ಹಿಡಿಯುವುದಿಲ್ಲ.

ಭದ್ರಾವತಿಯ ಉಕ್ಕಿಗೆ ಒಂದು ಅಪವಾದವಿದೆ, ಅದೂ ವಿಚಿತ್ರವಾದದ್ದು. 1923ರ ಆ ಕಬ್ಬಿಣದ ಕಾರ್ಖಾನೆ, ಅಂದರೆ ವಿಶ್ವೇಶ್ವರಯ್ಯ ಕಬ್ಬಿಣ ಮತ್ತು ಉಕ್ಕಿನ ಕಾರ್ಖಾನೆ, 1998ರಲ್ಲಿ ಕೇಂದ್ರದ ಸೈಲ್ ಸಂಸ್ಥೆಯೊಳಗೆ ಸೇರಿತು. ಎಲ್ಲರ ಬದುಕಿನಲ್ಲೂ ಸೈಲ್‌ನ ಒಂದು ಪಾಲು ಇದೆ ಎಂಬ ಅರ್ಥ ಬರುವ ಆ ಸಂಸ್ಥೆಯ ಘೋಷಣೆ ದೇಶಕ್ಕೆಲ್ಲ ಪರಿಚಿತ. 2023ರ ಜನವರಿಯಲ್ಲಿ ಭದ್ರಾವತಿ ಘಟಕವನ್ನು ಮುಚ್ಚುವ ತೀರ್ಮಾನ ಬಂದಾಗ, ಗೇಟಿನ ಮುಂದೆ ಕೂತಿದ್ದ ಗುತ್ತಿಗೆ ಕಾರ್ಮಿಕರ ಬದುಕಿನಲ್ಲಿ ಆ ಪಾಲು ಎಷ್ಟು ಎಂಬುದನ್ನು ಯಾವ ಜಾಹೀರಾತೂ ಹೇಳಲಿಲ್ಲ. ಅದೇ ವರ್ಷ ಆಗಸ್ಟ್‌ನಲ್ಲಿ ಬಾರ್ ಮಿಲ್ ಮತ್ತೆ ತಿರುಗಿತು. ಎಂಪಿಎಂ ಮಾತ್ರ 2015ರ ಹೊತ್ತಿಗೆ ನಿಂತದ್ದು ನಿಂತೇ ಇದೆ.

ಟಿವಿಗೆ ಮೊದಲೂ ಜಾಹೀರಾತು ಇತ್ತು. ಬಿ.ಎಚ್. ರಸ್ತೆಯ ಉದ್ದಕ್ಕೂ ಗೋಡೆ ಬರಹ ಇತ್ತು. ಸಿನಿಮಾ ಟಾಕೀಸಿನಲ್ಲಿ ಇಂಟರ್‌ವಲ್‌ಗೆ ಮುಂಚೆ ಊರಿನ ಬಟ್ಟೆ ಅಂಗಡಿಯ ಸ್ಲೈಡು ಬರುತ್ತಿತ್ತು, ಕೆಲವೊಮ್ಮೆ ತಲೆಕೆಳಗಾಗಿ. ರೇಡಿಯೊದಲ್ಲಿ 1967ರಿಂದ ವಿವಿಧ ಭಾರತಿ ಜಾಹೀರಾತು ಹಾಕತೊಡಗಿತು. ಭದ್ರಾವತಿಗೆ ಸ್ವಂತ ಆಕಾಶವಾಣಿ ಕೇಂದ್ರವೇ ಇದ್ದು, ಮಲೆನಾಡಿನ ಮನೆಗಳಿಗೆ ಅದು ಕೃಷಿ ಮಾಹಿತಿ, ಚಿತ್ರಗೀತೆ, ವಾರ್ತೆ ಎಲ್ಲವನ್ನೂ ಕೊಟ್ಟಿತು. ಇವ್ಯಾವುವೂ ನಡುಮನೆಯಲ್ಲಿ ಕೂತು ಮುಖ ನೋಡಿ ಮಾತಾಡುತ್ತಿರಲಿಲ್ಲ.

ದೂರದರ್ಶನ ಜಾಹೀರಾತಿಗೆ ಬಾಗಿಲು ತೆರೆದದ್ದು 1976ರ ಜನವರಿ 1ರಂದು. ಬಣ್ಣ ಬಂದದ್ದು 1982ರಲ್ಲಿ. 1984ರಲ್ಲಿ 'ಹಮ್ ಲೋಗ್' ಧಾರಾವಾಹಿಯ ಜೊತೆ ಪ್ರಾಯೋಜಕರ ಪದ್ಧತಿ ಬಂತು, ಅದರ ಬೆನ್ನಿಗೇ ಎರಡು ನಿಮಿಷದ ನೂಡಲ್ಸು ಮನೆಮನೆಗೆ ಬಂತು. ಸಣ್ಣ ಊರುಗಳ ಪ್ರಸಾರ ಕೇಂದ್ರಗಳು ಆಗ ಹೆಚ್ಚಾಗಿ ದೆಹಲಿಯ ಕಾರ್ಯಕ್ರಮವನ್ನೇ ದಾಟಿಸುತ್ತಿದ್ದವು. ಹಾಗಾಗಿ ನಮ್ಮ ಕಡೆಯ ಒಂದು ಇಡೀ ತಲೆಮಾರು ಹಿಂದಿ ಕಲಿಯುವ ಮೊದಲೇ ಹಿಂದಿಯ ಜಾಹೀರಾತು ಹಾಡುಗಳನ್ನು ಬಾಯಿಪಾಠ ಮಾಡಿತು. ನಿರ್ಮಾ ಪುಡಿಯ ಹಾಡು, ವಿಕ್ಕೋದ ಪಟ್ಟಿ, ಸರ್ಫ್‌ನ ಲಲಿತಾಜಿಯ ಚೌಕಾಸಿ. ಅರ್ಥ ಕೇಳಿದರೆ ಯಾರಿಗೂ ಗೊತ್ತಿಲ್ಲ, ರಾಗ ಎಲ್ಲರಿಗೂ ಗೊತ್ತು. ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯ ಬೀದಿಯಲ್ಲಿ ಶಂಕರ್ ನಾಗ್ ಚಿತ್ರೀಕರಿಸಿದ 'ಮಾಲ್ಗುಡಿ ಡೇಸ್' ಕೂಡ ನಮಗೆ ಬಂದದ್ದು ದೆಹಲಿಯನ್ನು ಸುತ್ತಿ, ಹಿಂದಿಯಲ್ಲಿ. ನಮ್ಮ ಜಿಲ್ಲೆಯ ಮಳೆಯನ್ನು ನಾವು ಪರಭಾಷೆಯಲ್ಲಿ, ಸೋಪು ಮತ್ತು ಸ್ಕೂಟರಿನ ನಡುವೆ ನೋಡಿದೆವು.

1987ರ ಜನವರಿಯಲ್ಲಿ 'ರಾಮಾಯಣ' ಶುರುವಾದ ಮೇಲೆ ಭಾನುವಾರ ಬೆಳಿಗ್ಗೆ ಟಿವಿ ಇದ್ದವರ ಮನೆ ಸಾರ್ವಜನಿಕ ಸ್ಥಳವಾಯಿತು. ಭದ್ರಾವತಿಯ ನ್ಯೂಟೌನ್, ಪೇಪರ್‌ಟೌನ್ ಕ್ವಾರ್ಟರ್ಸುಗಳಲ್ಲಿ ಕನ್ನಡ, ತಮಿಳು, ತೆಲುಗು, ಉರ್ದು, ಮಲಯಾಳ ಮಾತಾಡುವವರು ಒಂದೇ ಸಾಲಿನಲ್ಲಿದ್ದರು. ತಿಂಗಳ ಸಂಬಳ ಇದ್ದವರು, ಕಂತಿನ ಮೇಲೆ ಟಿವಿ ತರುವ ಧೈರ್ಯ ಇದ್ದವರು. ಬಿಲ್ಲು ಬಾಣದ ನಡುವೆ ಜಾಹೀರಾತು ಬಂದಾಗ ಯಾರೂ ಎದ್ದು ಹೋಗುತ್ತಿರಲಿಲ್ಲ, ಹೋದರೆ ಕೂತ ಜಾಗ ಹೋಗುತ್ತಿತ್ತು. ಜಾಹೀರಾತನ್ನು ಜನ ಅಷ್ಟು ಗಮನವಿಟ್ಟು ನೋಡಿದ್ದು ಅದೇ ಮೊದಲು, ಬಹುಶಃ ಅದೇ ಕೊನೆ. 1993ರಲ್ಲಿ ಸನ್ ಟಿವಿ, 1994ರಲ್ಲಿ ಉದಯ ಟಿವಿ ಬಂದ ಮೇಲೆ ಆ ಸಾಲು ಒಡೆಯಿತು. ಗೋಡೆಯಾಚೆ ಅದೇ ಸೋಪು ತಮಿಳಿನಲ್ಲಿ, ಈಚೆ ಕನ್ನಡದಲ್ಲಿ.

ಕನ್ನಡದಲ್ಲಿ ಎಂದೆ. ಎಂಥ ಕನ್ನಡ? ಇಲ್ಲಿ ಒಂದು ಮಾತು ಹೇಳಲೇಬೇಕು. 1960ರ ದಶಕದಿಂದ ಕನ್ನಡ ಚಿತ್ರರಂಗ ಡಬ್ಬಿಂಗ್ ಬೇಡ ಎಂದು ಹಟ ಹಿಡಿದು ಕೂತಿತ್ತು. 2012ರಲ್ಲಿ ಆಮಿರ್ ಖಾನ್ ಅವರ 'ಸತ್ಯಮೇವ ಜಯತೇ' ಬೇರೆ ಭಾಷೆಗಳಲ್ಲಿ ಬಂದರೂ ವಿರೋಧದಿಂದಾಗಿ ಕನ್ನಡದಲ್ಲಿ ಪ್ರಸಾರವಾಗಲಿಲ್ಲ. ಸ್ಪರ್ಧಾ ಆಯೋಗ ಈ ನಿರ್ಬಂಧದ ವಿರುದ್ಧ ಆದೇಶ ಕೊಟ್ಟದ್ದು 2015ರಲ್ಲಿ. ಡಬ್ ಆದ ಪೌರಾಣಿಕ ಧಾರಾವಾಹಿಗಳು ಮನೆಮಾತಾದದ್ದು 2020ರ ಲಾಕ್‌ಡೌನಿನಲ್ಲಿ. ಅಷ್ಟೂ ವರ್ಷ, ಅಷ್ಟೂ ಚಳವಳಿಗಳ ನಡುವೆ, ಜಾಹೀರಾತುಗಳು ಮಾತ್ರ ದಿನಕ್ಕೆ ನೂರಾರು ಸಲ ಡಬ್ಬಿಂಗ್ ಕನ್ನಡದಲ್ಲೇ ಮಾತಾಡುತ್ತಿದ್ದವು. ಮುಂಬೈಯ ಅತ್ತೆ, ದೆಹಲಿಯ ಡಾಕ್ಟರು, ಚಂಡೀಗಢದ ಟ್ರ್ಯಾಕ್ಟರ್ ರೈತ, ಎಲ್ಲರ ತುಟಿ ಒಂದು ಕಡೆ, ಮಾತು ಒಂದು ಕಡೆ. ಪರಭಾಷೆಯ ಕಥೆ ನಮ್ಮ ಭಾಷೆಯಲ್ಲಿ ಬಂದರೆ ಸಂಸ್ಕೃತಿಗೆ ಕುತ್ತು ಎಂದವರು ಪರಭಾಷೆಯ ಪೇಸ್ಟು ನಮ್ಮ ಭಾಷೆಯಲ್ಲಿ ಬಂದಾಗ ಸುಮ್ಮನಿದ್ದರು. ಅಲ್ಲಿ ದುಡ್ಡಿತ್ತು, ಕಂಠದಾನ ಕಲಾವಿದರಿಗೆ ಕೆಲಸವೂ ಇತ್ತು, ಆ ಮಾತು ಬೇರೆ.

ಇದರಿಂದ ಆದ ನಷ್ಟ ಉಚ್ಚಾರದ್ದಲ್ಲ, ಬದುಕಿನದ್ದು. ಈ ಜಾಹೀರಾತುಗಳ ಅಡುಗೆಮನೆಯಲ್ಲಿ ರೊಟ್ಟಿ ಉಬ್ಬುತ್ತದೆ, ಅಕ್ಕಿ ರೊಟ್ಟಿಯಲ್ಲ; ಪರಾಠದ ಮೇಲೆ ಬೆಣ್ಣೆ ಕರಗುತ್ತದೆ, ಕಡುಬಿನ ಮೇಲೆ ತುಪ್ಪ ಕರಗುವುದಿಲ್ಲ. ಮಳೆ ಬಂದರೆ ಪಕೋಡ, ಪತ್ರೊಡೆ ಇಲ್ಲವೇ ಇಲ್ಲ. ಆಷಾಢದ ಜಡಿಮಳೆಗೆ ಒಣಗದ ಬಟ್ಟೆಯ ಮುಗ್ಗು ವಾಸನೆ ನಮ್ಮ ನಿಜವಾದ ಸಮಸ್ಯೆ. ಟಿವಿಯ ಬಟ್ಟೆಗೆ ಯಾವಾಗಲೂ ಚಿಟ್ಟೆ ಹಾರುವ ಬಿಸಿಲು.

ತಾರೆಯರ ವಿಷಯವೂ ಹೀಗೇ. ಕೇರಳದ ಆಭರಣ ಮಳಿಗೆಯೊಂದಕ್ಕೆ ಕರ್ನಾಟಕದಲ್ಲಿ ಶಿವರಾಜ್‌ಕುಮಾರ್, ತೆಲುಗು ನಾಡಿನಲ್ಲಿ ನಾಗಾರ್ಜುನ, ತಮಿಳುನಾಡಿನಲ್ಲಿ ಪ್ರಭು. ಅದೇ ಸೆಟ್ಟು, ಅದೇ ಮದುವೆ, ಅದೇ ಕಣ್ಣೀರು, ಮುಖ ಮಾತ್ರ ಆಯಾ ರಾಜ್ಯದ್ದು. ಇದಕ್ಕೆ ಬೇರೆಯಾಗಿ ನಿಲ್ಲುವುದು ನಂದಿನಿ ಹಾಲು. ರಾಜ್‌ಕುಮಾರ್ ಸಂಭಾವನೆ ಪಡೆಯದೆ ಅದರ ಪರ ಮಾತಾಡಿದರು, ಪುನೀತ್ ಅದನ್ನು ಮುಂದುವರಿಸಿದರು. ಶಿವಮೊಗ್ಗ, ಭದ್ರಾವತಿಗಳ ನಡುವೆ ಮಾಚೇನಹಳ್ಳಿಯಲ್ಲಿ ಆ ಹಾಲಿನ ಶಿಮುಲ್ ಡೈರಿ ಇದೆ. ಬೆಳಿಗ್ಗೆ ಸೊಸೈಟಿಗೆ ಹಾಲು ಹಾಕಿದವಳೇ ಸಂಜೆ ಟಿವಿಯಲ್ಲಿ ಅದರ ಜಾಹೀರಾತು ನೋಡುತ್ತಾಳೆ. ಮಾಡುವವರು, ಕೊಳ್ಳುವವರು, ನೋಡುವವರು ಒಂದೇ ಜನ ಆಗಿರುವ ಜಾಹೀರಾತು ನನಗೆ ತಿಳಿದಂತೆ ಈ ಭಾಗದಲ್ಲಿ ಇದೊಂದೇ. 2021ರ ಅಕ್ಟೋಬರ್‌ನಲ್ಲಿ ಪುನೀತ್ ತೀರಿಕೊಂಡಾಗ ಜನ ಹಾಲಿನ ಜಾಹೀರಾತನ್ನು ಮೊಬೈಲಿನಲ್ಲಿ ಹುಡುಕಿ ನೋಡಿದ್ದಕ್ಕೆ ಇದೂ ಒಂದು ಕಾರಣವಿರಬೇಕು.

ಮೈಸೂರು ಸ್ಯಾಂಡಲ್ ಸೋಪಿನ ದಾರಿ ಬೇರೆಯಾಯಿತು. 2006ರಲ್ಲಿ ಧೋನಿಯನ್ನು ರಾಯಭಾರಿ ಮಾಡಿಕೊಂಡರು. 2025ರ ಮೇ ತಿಂಗಳಲ್ಲಿ ತಮನ್ನಾ ಭಾಟಿಯಾ ಅವರನ್ನು ಎರಡು ವರ್ಷಕ್ಕೆ 6.2 ಕೋಟಿ ರೂಪಾಯಿ ಕೊಟ್ಟು ನೇಮಿಸಿದಾಗ, ಕನ್ನಡದವರು ಯಾರೂ ಸಿಗಲಿಲ್ಲವೇ ಎಂದು ಗದ್ದಲವಾಯಿತು. ರಾಜ್ಯದ ಹೊರಗೂ ಮಾರಬೇಕು ಎಂದು ಸರ್ಕಾರ ಹೇಳಿತು. ವ್ಯಾಪಾರದ ಲೆಕ್ಕದಲ್ಲಿ ಅದು ತಪ್ಪಲ್ಲ. ಆದರೆ ಆ ಗಲಾಟೆಯಲ್ಲಿ ಗಂಧದ ಮರ ಬೆಳೆಯುವವರ ಮಾತಾಗಲಿ, ಶಿವಮೊಗ್ಗದ ಎಣ್ಣೆ ಕಾರ್ಖಾನೆಯ ಮಾತಾಗಲಿ ಎಲ್ಲೂ ಬರಲಿಲ್ಲ. ಜಗಳ ಪೂರ್ತಿ ಮುಖದ ಮೇಲೇ ನಡೆದು ಮುಗಿಯಿತು.

ಈಗ ಅಡಿಕೆಗೆ ಬರೋಣ. ಶಿವಮೊಗ್ಗದ ಮಾರುಕಟ್ಟೆಯಲ್ಲಿ ರಾಶಿ, ಬೆಟ್ಟೆ, ಸರಕು, ಗೊರಬಲು ಎಂದು ಅಡಿಕೆಗೆ ದಿನವೂ ಬೇರೆ ಬೇರೆ ದರ. ಅಡಿಕೆ ಬೆಳೆಗಾರರ ಮ್ಯಾಮ್‌ಕೋಸ್ ಸಂಘದಲ್ಲಿ ಮೂಟೆ ಇಟ್ಟವರು ಬೆಳಿಗ್ಗೆ ಎದ್ದು ಮೊದಲು ನೋಡುವುದು ಆ ದರವನ್ನೇ. ಆ ದರ ನಿಂತಿರುವುದು ಎಲೆ ಅಡಿಕೆಯ ತಟ್ಟೆಯ ಮೇಲಲ್ಲ, ಉತ್ತರ ಭಾರತದ ಪಾನ್ ಮಸಾಲ ಕಾರ್ಖಾನೆಗಳ ಮೇಲೆ. ಇದು ಬೆಳೆಗಾರರಿಗೆ ಗೊತ್ತು, ವ್ಯಾಪಾರಿಗಳಿಗೆ ಗೊತ್ತು, ರಾಜಕಾರಣಿಗಳಿಗಂತೂ ಚೆನ್ನಾಗಿ ಗೊತ್ತು.

2003ರ ತಂಬಾಕು ಕಾಯ್ದೆ ತಂಬಾಕಿನ ಜಾಹೀರಾತನ್ನು ನಿಷೇಧಿಸಿತು. ಕೇಬಲ್ ಟಿವಿ ನಿಯಮಗಳು ತಂಬಾಕು, ಮದ್ಯ ಎರಡಕ್ಕೂ ನೇರವಾಗಿಯೂ ಬಳಸುದಾರಿಯಲ್ಲೂ ಜಾಹೀರಾತು ಕೂಡದು ಎನ್ನುತ್ತವೆ. 2013ರ ಮೇ ಕೊನೆಯಲ್ಲಿ ಕರ್ನಾಟಕ ಗುಟ್ಕಾವನ್ನೇ ನಿಷೇಧಿಸಿತು. ಆಗ ಮಲೆನಾಡಿನಲ್ಲಿ ಬೆಳೆಗಾರರ ಸಭೆಗಳ ಮೇಲೆ ಸಭೆ ನಡೆದವು. ಗುಟ್ಕಾ ಹೋಯಿತು, ಮಸಾಲೆ ಒಂದು ಪೊಟ್ಟಣ, ತಂಬಾಕು ಇನ್ನೊಂದು ಪೊಟ್ಟಣ ಆಗಿ ಅಂಗಡಿಯ ಮುಂದೆ ಜೋಡಿಯಾಗಿ ನೇತಾಡತೊಡಗಿದವು. ಟಿವಿಯಲ್ಲಿ ಬಂದದ್ದು ಮೂರನೆಯದು, ಏಲಕ್ಕಿ. ಬಾಲಿವುಡ್ಡಿನ ದೊಡ್ಡ ದೊಡ್ಡ ನಟರು ಕೋಟು ಹಾಕಿಕೊಂಡು, ಕಾರಿನಿಂದ ಇಳಿದು, ಕೇಸರಿಯ ಗಾಳಿಯಲ್ಲಿ ಏಲಕ್ಕಿ ಬಾಯಿಗೆ ಹಾಕಿಕೊಳ್ಳುತ್ತಾರೆ. ಡಬ್ಬಿಯ ಬಣ್ಣ, ಅಕ್ಷರ, ಹೆಸರು ಎಲ್ಲವೂ ಪಾನ್ ಮಸಾಲೆಯದ್ದೇ. ಆ ಏಲಕ್ಕಿ ಡಬ್ಬಿಯನ್ನು ಗೋಪಿ ಸರ್ಕಲ್ಲಿನ ಯಾವ ಬೀಡಾ ಅಂಗಡಿಯಲ್ಲೂ ಯಾರೂ ಕೇಳಿದ್ದನ್ನು ನಾನು ಕಂಡಿಲ್ಲ.

ಈ ನಾಟಕದಲ್ಲಿ ಮರೆಯಾಗುವುದು ತಂಬಾಕು ಒಂದೇ ಅಲ್ಲ, ಅಡಿಕೆಯೂ ಮರೆಯಾಗುತ್ತದೆ. ಮಸಾಲೆಯ ಮುಖ್ಯ ಸರಕು ಅಡಿಕೆ, ಅದರ ಹೆಸರು ಮಾತ್ರ ತೆರೆಯ ಮೇಲೆ ಬರುವುದಿಲ್ಲ. 2004ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಏಜೆನ್ಸಿ ಅಡಿಕೆಯನ್ನು ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿತು, ಬೆಳೆಗಾರರ ಸಂಘಟನೆಗಳು ಇವತ್ತಿಗೂ ಅದನ್ನು ಒಪ್ಪಿಲ್ಲ. 2021ರಲ್ಲಿ ಅಮಿತಾಭ್ ಬಚ್ಚನ್ ಪಾನ್ ಮಸಾಲೆ ಬ್ರ್ಯಾಂಡಿನ ಜಾಹೀರಾತಿನಿಂದ ಹಿಂದೆ ಸರಿದರು. 2022ರ ಏಪ್ರಿಲ್‌ನಲ್ಲಿ ಅಕ್ಷಯ್ ಕುಮಾರ್ ಏಲಕ್ಕಿ ಜಾಹೀರಾತಿಗಾಗಿ ಕ್ಷಮೆ ಕೇಳಿದರು. ದೇಶ ಚಪ್ಪಾಳೆ ತಟ್ಟಿತು. ತೀರ್ಥಹಳ್ಳಿಯ ತೋಟದ ಮನೆಯಲ್ಲಿ ಕೂತು ಆ ಸುದ್ದಿ ನೋಡಿದವರು ಚಪ್ಪಾಳೆ ತಟ್ಟಬೇಕೋ ದರ ಬಿದ್ದೀತೆಂದು ಹೆದರಬೇಕೋ? ಮಗನಿಗೆ "ಆ ಪೊಟ್ಟಣ ಮುಟ್ಟಬೇಡ ಮಾರಾಯ" ಎಂದು ಬೈಯುವ ಅಪ್ಪನ ಮಗಳ ಮದುವೆ ನಡೆಯುವುದು ಅದೇ ಪೊಟ್ಟಣ ಕಾನ್ಪುರದಲ್ಲಿ ಖರ್ಚಾದರೆ. ಜಾಹೀರಾತಿನ ನೀತಿ ಅನೀತಿಯ ಬಗ್ಗೆ ಬೆಂಗಳೂರಿನಲ್ಲಿ ಭಾಷಣ ಮಾಡುವುದು ಸುಲಭ. ಇಲ್ಲಿ ಆ ಪ್ರಶ್ನೆ ಅಂಗಳದಲ್ಲಿ ಒಣಗಲು ಹರಡಿದೆ.

ಮದ್ಯದ ಕಥೆಯನ್ನು ಉದ್ದ ಮಾಡುವ ಅಗತ್ಯವಿಲ್ಲ. ಸೋಡಾ, ನೀರು, ಸಂಗೀತದ ಸಿ.ಡಿ. ಎಂದು ಅದು ಬಂದ ದಾರಿ ಎಲ್ಲರಿಗೂ ಗೊತ್ತು. ನಾಡೆಲ್ಲ ಜಪಿಸುವ ಆರ್‌ಸಿಬಿಯ ಹೆಸರು ಕೂಡ ಒಂದು ವಿಸ್ಕಿಯ ಹೆಸರಿನಿಂದ ಬಂದದ್ದು. ಕಪ್ ನಮ್ದೇ ಎಂದು 2025ರಲ್ಲಿ ಕುಣಿದವರಿಗೆ ಅದನ್ನು ನೆನಪಿಸಿದರೆ ಪೆಟ್ಟು ಬಿದ್ದೀತು.

ಇಷ್ಟಕ್ಕೂ ಜನ ಜಾಹೀರಾತನ್ನು ನೋಡುತ್ತಾರೆಯೇ? ಗಂಟೆಗೆ ಹನ್ನೆರಡು ನಿಮಿಷ ಮೀರಬಾರದು ಎಂದು ಕೇಬಲ್ ನಿಯಮ ಹೇಳುತ್ತದೆ. ಶಿವಮೊಗ್ಗದ ವಿನೋಬನಗರದ ಒಂದು ಮನೆಯ ಸಂಜೆಯನ್ನು ಹತ್ತಿರದಿಂದ ನೋಡಿದ್ದೇನೆ. ಏಳು ಗಂಟೆಯ ಧಾರಾವಾಹಿಗೆ ಬ್ರೇಕ್ ಬಿದ್ದ ತಕ್ಷಣ ಸೊಸೆ ಎದ್ದು ಕುಕ್ಕರ್ ಇಡುತ್ತಾಳೆ. ಅತ್ತೆ ಕೂತಲ್ಲೇ ಬೀನ್ಸಿನ ನಾರು ತೆಗೆಯುತ್ತಾರೆ. ಎರಡನೇ ಬ್ರೇಕಿಗೆ ಒಗ್ಗರಣೆ, ಮೂರನೆಯದಕ್ಕೆ ಮೊಮ್ಮಗನ ಹೋಂವರ್ಕಿನ ಪುಸ್ತಕ. "ಅಮ್ಮಾ, ಶುರುವಾಯ್ತು" ಎಂದು ಕೂಗುವ ಕೆಲಸ ಆ ಹುಡುಗನದ್ದು. ಅವನ ಕಣ್ಣು ಪುಸ್ತಕದ ಮೇಲಿದ್ದರೂ ಯಾವ ಜಾಹೀರಾತಿನ ನಂತರ ಕಥೆ ಶುರುವಾಗುತ್ತದೆ ಎಂದು ಕಿವಿಗೆ ಗೊತ್ತು. ಜಾಹೀರಾತು ಇಲ್ಲಿ ಗಡಿಯಾರದ ಕೆಲಸ ಮಾಡುತ್ತಿದೆ. ಕಂಪನಿಗಳು ಕೋಟಿ ಸುರಿಯುವುದು ಯಾರೂ ನೋಡದ, ಎಲ್ಲರೂ ಕೇಳುವ ಈ ಹೊತ್ತಿಗೆ.

ಆ ಕೇಳಿಸಿಕೊಂಡದ್ದು ಅಂಗಡಿಯಲ್ಲಿ ಹೊರಬರುತ್ತದೆ. ಭದ್ರಾವತಿಯ ಹೊಸಮನೆಯ ಕಡೆ ಒಂದು ದಿನಸಿ ಅಂಗಡಿ. ಬಾಗಿಲಿಗೆ ಶಾಂಪೂ ಪೊಟ್ಟಣಗಳ ಸರ. ಟಿವಿಯಲ್ಲಿ ದೊಡ್ಡ ಬಾಟಲಿ ತೋರಿಸುತ್ತಾರೆ, ಇಲ್ಲಿ ಹೋಗುವುದು ಒಂದೆರಡು ರೂಪಾಯಿಯ ಪೊಟ್ಟಣ. ಮತ್ತಿ ಸೊಪ್ಪಿನ ಗೊಂಪು, ಸೀಗೆಪುಡಿಯಲ್ಲಿ ತಲೆಗೆ ಎರೆದುಕೊಂಡು ಬೆಳೆದ ಹೆಂಗಸರೇ ಮೊಮ್ಮಗಳಿಗೆ ಸರದಿಂದ ಎರಡು ಹರಿದುಕೊಂಡು ಹೋಗುತ್ತಾರೆ. "ಟಿವಿನಲ್ಲಿ ಬರೋದು ಕೊಡಿ" ಎಂದರೆ ಸಾಕು, ಯಾವುದೆಂದು ಕೇಳಬೇಕಿಲ್ಲ ಎಂದರು ಅಂಗಡಿಯವರು. ಜಾಹೀರಾತು ಬಾರದ ಊರ ಸೋಪಿಗೆ ಜಾಗ ಕೆಳಗಿನ ಹಲಗೆಯಲ್ಲಿ, ಅದರಲ್ಲಿ ಲಾಭ ಜಾಸ್ತಿ ಇದ್ದರೂ.

ಸಂಜೆಯ ಜಾಹೀರಾತಿಗಿಂತ ನನಗೆ ಕಳವಳ ತರುವುದು ಬೆಳಗಿನದು. ಅರ್ಧರ್ಧ ಗಂಟೆಯ ಹೊತ್ತನ್ನೇ ಕೊಂಡುಕೊಂಡು, ಸಂದರ್ಶನದ ಹಾಗೆ, ಆರೋಗ್ಯ ಕಾರ್ಯಕ್ರಮದ ಹಾಗೆ ಬರುವ ಮಂಡಿನೋವಿನ ಎಣ್ಣೆ, ಸಕ್ಕರೆ ಕಾಯಿಲೆಯ ಪುಡಿ, ದೃಷ್ಟಿ ನಿವಾರಣೆಯ ತಾಯತ. ನಿವೃತ್ತರು ತುಂಬಿದ ಭದ್ರಾವತಿಯಂಥ ಊರಿನಲ್ಲಿ ಇವಕ್ಕೆ ಗಿರಾಕಿಗಳು ಬೇಕಾದಷ್ಟು. 1954ರಷ್ಟು ಹಿಂದೆಯೇ ಮಾಂತ್ರಿಕ ಔಷಧಗಳ ಜಾಹೀರಾತಿನ ವಿರುದ್ಧ ಕಾಯ್ದೆ ಬಂದಿದೆ. 1985ರಿಂದ ಜಾಹೀರಾತು ಮಾನದಂಡ ಮಂಡಳಿ ಇದೆ, ಅದು ಉದ್ಯಮದವರೇ ಕಟ್ಟಿಕೊಂಡದ್ದು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಒಂದು ಕೇಂದ್ರ ಪ್ರಾಧಿಕಾರವನ್ನೇ ಕೊಟ್ಟಿತು. ದಾರಿ ತಪ್ಪಿಸುವ ಜಾಹೀರಾತಿಗೆ ದಂಡ ಹಾಕುವ ಅಧಿಕಾರ ಅದಕ್ಕಿದೆ. 2022ರ ಜೂನ್‌ನ ಮಾರ್ಗಸೂಚಿ ಬದಲಿ ಹೆಸರಿನ ಜಾಹೀರಾತನ್ನು ಹೆಸರಿಟ್ಟೇ ನಿಷೇಧಿಸಿದೆ. 2024ರಲ್ಲಿ ಸುಪ್ರೀಂ ಕೋರ್ಟಿನ ಒತ್ತಾಯಕ್ಕೆ ಪತಂಜಲಿ ಸಂಸ್ಥೆ ಪತ್ರಿಕೆಗಳಲ್ಲಿ ಕ್ಷಮೆ ಪ್ರಕಟಿಸಬೇಕಾಯಿತು. ಕಾನೂನಿಗೆ ಬರ ಇಲ್ಲ. ಎಣ್ಣೆ ಹಚ್ಚಿ ಮಂಡಿ ವಾಸಿಯಾಗದವರು ದೂರು ಕೊಡುವ ಬದಲು ಇನ್ನೊಂದು ಎಣ್ಣೆ ತರಿಸುತ್ತಾರೆ, ಅಷ್ಟೆ. ಮಗನಿಗೆ ಗೊತ್ತಾದರೆ ಬೈಯುತ್ತಾನೆ ಎಂದು ಡಬ್ಬಿಯನ್ನು ಬಟ್ಟೆಯ ಹಿಂದೆ ಇಡುತ್ತಾರೆ.

ಊರಿನ ಸ್ವಂತ ಜಾಹೀರಾತು ಸಿಗುವುದು ಕೇಬಲ್‌ನ ಸ್ಥಳೀಯ ಚಾನೆಲ್ಲಿನಲ್ಲಿ. ಅಲ್ಲಿ ಗಾಂಧಿ ಬಜಾರಿನ ಜವಳಿ ಅಂಗಡಿಯ ಯಜಮಾನರು ತಾವೇ ಕೈಮುಗಿದು ನಿಲ್ಲುತ್ತಾರೆ, ಹಿಂದೆ ಕೆಲಸದ ಹುಡುಗಿಯರು ಸೀರೆ ಹಿಡಿದು ನಗು ತಡೆದುಕೊಂಡಿರುತ್ತಾರೆ. ಪಿಯು ಕಾಲೇಜಿನ ರ್‍ಯಾಂಕ್ ಪಟ್ಟಿ, ದುರ್ಗಿಗುಡಿಯ ನರ್ಸಿಂಗ್ ಹೋಂ, ಆಷಾಢದ ರಿಯಾಯಿತಿ, ಕೆಳಗೆ ಓಡುವ ಪಟ್ಟಿಯಲ್ಲಿ ಬಾಡಿಗೆಗೆ ಮನೆ ಮತ್ತು ಶ್ರದ್ಧಾಂಜಲಿ. ಎರಡು ವರ್ಷಕ್ಕೊಮ್ಮೆ ನಡೆಯುವ ಕೋಟೆ ಮಾರಿಕಾಂಬಾ ಜಾತ್ರೆಯ ನೇರಪ್ರಸಾರ ಬಂದರೆ ಶುಭ ಕೋರುವವರ ಫೋಟೊಗಳು ದೇವಿಗಿಂತ ಹೆಚ್ಚು ಹೊತ್ತು ತೆರೆಯ ಮೇಲಿರುತ್ತವೆ. ಚುನಾವಣೆ ಬಂದರೆ ಈ ಸಣ್ಣ ಚಾನೆಲ್ಲುಗಳ ರಾಜಕೀಯ ಜಾಹೀರಾತಿಗೂ, 2004ರ ಸುಪ್ರೀಂ ಕೋರ್ಟ್ ಆದೇಶದಂತೆ, ಮೊದಲೇ ಸಮಿತಿಯ ಪ್ರಮಾಣಪತ್ರ ಬೇಕು. ಅಂದಚಂದ ನೋಡಿದರೆ ಇವುಗಳಲ್ಲಿ ಏನೂ ಇಲ್ಲ. ಧ್ವನಿ ಒಡೆದಿರುತ್ತದೆ, ಬಣ್ಣ ಕಣ್ಣು ಕುಕ್ಕುತ್ತದೆ. ಆದರೆ ಸುಳ್ಳು ಹೇಳಿದರೆ ಮಾರನೆಯ ದಿನ ಅಂಗಡಿಗೆ ಹೋಗಿ ಯಜಮಾನರನ್ನೇ ಕೇಳಬಹುದು. ಈ ಒಂದು ಕಾರಣಕ್ಕೆ ನಾನು ಇವುಗಳ ಪಕ್ಷ.

ಅವೂ ಈಗ ಸೊರಗುತ್ತಿವೆ. ಸೆಟ್‌ಟಾಪ್ ಬಾಕ್ಸು ಕಡ್ಡಾಯವಾಗಿ, 2019ರಲ್ಲಿ ಚಾನೆಲ್ಲಿಗೊಂದು ದರ ಎಂಬ ವ್ಯವಸ್ಥೆ ಬಂದ ಮೇಲೆ ತುಂಬ ಮನೆಗಳು ಕೇಬಲ್ ಬಿಟ್ಟವು. ಕ್ರಿಕೆಟ್ಟು, ಸಿನಿಮಾ, ಧಾರಾವಾಹಿ ಎಲ್ಲ ಮೊಬೈಲಿಗೆ ಹೋಗಿವೆ. ನೆಹರೂ ರಸ್ತೆಯ ಅಂಗಡಿಗಳು ಈಗ ಇನ್‌ಸ್ಟಾಗ್ರಾಮಿನಲ್ಲಿ ರೀಲ್ಸ್ ಮಾಡುವ ಹುಡುಗ ಹುಡುಗಿಯರಿಗೆ ದುಡ್ಡು ಕೊಡುತ್ತವೆ. ಟಿವಿಯಲ್ಲಿ ಮನೆಯವರೆಲ್ಲ ಒಂದೇ ಜಾಹೀರಾತು ನೋಡುತ್ತಿದ್ದರು, ನೋಡಿ ನಗುತ್ತಿದ್ದರು, ಬೈಯುತ್ತಲೂ ಇದ್ದರು. ಮೊಬೈಲಿನಲ್ಲಿ ಅಪ್ಪನಿಗೆ ಬರುವುದು ಅಡಿಕೆ ಸುಲಿಯುವ ಯಂತ್ರದ್ದು, ಮಗಳಿಗೆ ಬೆಂಗಳೂರಿನ ಕೋಚಿಂಗಿನದ್ದು, ಅಜ್ಜನಿಗೆ ಮಂಡಿಯದ್ದು. ಅಜ್ಜನಿಗೆ ಏನು ಬಂತು ಎಂದು ಬೇರೆಯವರಿಗೆ ಗೊತ್ತಾಗುವುದು ಕೊರಿಯರ್‌ನವನು ಬಾಗಿಲು ತಟ್ಟಿ, ಡಬ್ಬಿ ಕೊಟ್ಟು, ದುಡ್ಡು ಕೇಳಿದಾಗ.